ಆರಿಸಿ ಆಡುವವಳು

ಎಕ್ಕದ ಜೋಡಿ ಕೈಗೆ ಬಂದಾಗಲೆಲ್ಲ ಸುಮಂಗಲಾಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬರತೊಡಗಿತ್ತು.

ಪೋಕರಿನಲ್ಲಿ ಅದಕ್ಕಿಂತ ದೊಡ್ಡ ಜೋಡಿ ಇಲ್ಲ. ಎಲ್ಲರಿಗೂ ಎರಡೆರಡು ಇಸ್ಪೀಟೆಲೆ ಮುಚ್ಚಿ ಬರುತ್ತವೆ. ನಡುವಿನ ಮೂರು ಎಲೆ ಬಿಚ್ಚುವ ಮೊದಲೇ, ಸರದಿಯಂತೆ ಒಬ್ಬರಾದ ಮೇಲೊಬ್ಬರು, ಒಳ್ಳೆಯ ಎಲೆ ಇದ್ದವರು ಪಣ ಏರಿಸಬೇಕು, ಉಳಿದವರು ಎಸೆದು ಸುಮ್ಮನಾಗಬೇಕು. ಅವಳು ಹಾಗೆಯೇ ಆಡುತ್ತಿದ್ದಳು. ಹಾಳು ಎಲೆಗಳನ್ನು ಎಸೆದೂ ಎಸೆದೂ ಕಾಯುವುದು. ಎಕ್ಕ, ರಾಜ, ರಾಣಿಯ ಜೋಡಿ ಬಂದರೆ ಜೋರಾಗಿ ಏರಿಸುವುದು. ಆದರೆ ರೂಪಾಯಿ, ಎರಡು ರೂಪಾಯಿಯ ಆ ಆಟದಲ್ಲಿ ಯಾರೂ ಹೆದರುತ್ತಿರಲಿಲ್ಲ. ಅದರಲ್ಲೂ ಅಕ್ಕನ ಗಂಡ ಗುರುಲಿಂಗ. ಅಫಜಲಪುರದ ತೊಗರಿ ವ್ಯಾಪಾರಿ. ಏಳು-ಎರಡರಂಥ ಹಾಳು ಎಲೆ ಹಿಡಿದುಕೊಂಡು ಅವಳ ಎಕ್ಕಗಳ ಬೆನ್ನು ಹತ್ತುತ್ತಿದ್ದ. ನಡುವೆ ಒಂದು ಏಳು, ಒಂದು ಎರಡು ಬಿದ್ದು, ಎರಡು ಜೋಡಿಯಾಗಿ ಗೆದ್ದೂ ಬಿಡುತ್ತಿದ್ದ.

ಭಾನುವಾರ ಮಧ್ಯಾಹ್ನ ನಾಲ್ವರು ತಂತಮ್ಮ ಊರಿನಿಂದಲೇ ಫೋನಿನ ಆ್ಯಪಿನಲ್ಲಿ ಆಡುವಾಗ ಮಾತೂ ಬಿಟ್ಟುಕೊಂಡೇ ಇರುತ್ತಿದ್ದರು. ಹೀಗಾಗಿ ಸೋಲಿನ ಜೊತೆಗೆ ಮಾತೂ ಕೇಳಬೇಕು.

"ಏನ್ ಬೇ ಸುಮಂಗಲಾ, ತೊಗರಿ ಆರಿಸಿದಂಗ ಎಲಿ ಆರಿಸಾಕತ್ತಿ. ಹಿಂಗ ಆರಿಸ್ಕೋತ ಕುಂತ್ರ ಬ್ಯಾಳಿ ಯಾವಾಗ ಬೇಯ್ತದ?" ಎನ್ನುತ್ತಿದ್ದ ಗುರುಲಿಂಗ.

ಜೇವರ್ಗಿಯಿಂದ ಆಟೊ ಬಿಡಿಭಾಗಗಳ ಅಂಗಡಿಯ ಅಜೀಮ ನಗುತ್ತಿದ್ದ. "ಅಕ್ಕಾರದು ಕಿತಾಬಿನ ಆಟರಿ. ಮಾವಂದು ನಸೀಬಿನ ಆಟ." ಗಾಣಗಾಪುರದಲ್ಲಿ ಲಾಡ್ಜು ನಡೆಸುವ ದೌಲತರಾಯ ಮಾತ್ರ ನಗುತ್ತಿರಲಿಲ್ಲ, ಅನುಕಂಪ ತೋರಿಸುತ್ತಿದ್ದ. ಅದು ಇನ್ನೂ ಕೆಟ್ಟದು.

ಸರಿಯಾಗಿ ಆಡಿದವಳು ಸೋಲುವುದು, ಕಣ್ಣು ಮುಚ್ಚಿ ಆಡಿದವನು ಬುದ್ಧಿವಂತನೆನಿಸಿಕೊಳ್ಳುವುದು. ಇದು ಆಟವಲ್ಲ, ಅನ್ಯಾಯ ಎಂದು ಅವಳು ತೀರ್ಮಾನಿಸಿದಳು. ಅನ್ಯಾಯವನ್ನು ಸರಿಪಡಿಸುವುದು ಕಳ್ಳತನ ಹೇಗಾದೀತು?

ಅವಕಾಶ ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂತು. ಆಳಂದದ ಬಸ್ ಸ್ಟ್ಯಾಂಡಿನ ಎದುರು ಅವಳದು ಮೊಬೈಲ್ ರಿಪೇರಿ ಅಂಗಡಿ. ಹೆಣ್ಣುಮಗಳ ಅಂಗಡಿಯೆಂದು ಸುತ್ತಲ ಊರಿನ ಹೆಂಗಸರು ಫೋಟೊ, ಮೆಸೇಜು ಏನನ್ನೂ ಅಳಿಸದೆ, ಲಾಕ್ ತೆಗೆದೇ ಫೋನು ಕೊಟ್ಟು ಹೋಗುತ್ತಿದ್ದರು. ಇಷ್ಟು ವರ್ಷ ಅವಳು ಯಾರ ಫೋನಿನಲ್ಲೂ ಇಣುಕಿರಲಿಲ್ಲ. ಆ ಹೆಸರಿನ ಮೇಲೆಯೇ ಅಂಗಡಿ ನಿಂತಿತ್ತು. ಗುರುಲಿಂಗ ಒಡೆದ ಗಾಜು ಬದಲಿಸಲು ತನ್ನ ಫೋನು ಕೊಟ್ಟು ಚಹಾಕ್ಕೆ ಹೋದಾಗ, ದೂರದಿಂದ ಪರದೆ ನೋಡುವ ಒಂದು ಆ್ಯಪನ್ನು ಅದರಲ್ಲಿ ಹಾಕಿ, ಯಾರೂ ಮುಟ್ಟದ ಮೂಲೆಯಲ್ಲಿ ಅಡಗಿಸಿಟ್ಟಳು. ಇದು ಹೊರಬಿದ್ದರೆ ಆಳಂದದಲ್ಲಿ ಒಬ್ಬಳೂ ತನ್ನ ಕೈಗೆ ಫೋನು ಕೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಹೊರಬೀಳದಂತೆ ಯೋಚಿಸಿದಳು.

ಕಳ್ಳರು ಸಿಕ್ಕಿಬೀಳುವುದು ಆಸೆಬುರುಕತನದಿಂದ. ಅವಳಿಗೆ ಆಸೆಯಿರಲಿಲ್ಲ. ಅಂಗಡಿಯ ಹಳೆಯ ಫೋನೊಂದನ್ನು ಡ್ರಾಯರಿನಲ್ಲಿಟ್ಟು ಅದರಲ್ಲಿ ಗುರುಲಿಂಗನ ಎಲೆ ನೋಡುವುದು. ಎಲ್ಲ ಆಟ ಗೆಲ್ಲಬಾರದು. ಸೋಲುತ್ತೇನೆಂದು ಗೊತ್ತಿದ್ದೂ ಆಗಾಗ ಸಣ್ಣ ಪಣ ಸೋಲಬೇಕು. ಉತ್ತರ ತಿಳಿದಿದ್ದರೂ ತುಸು ತಡೆದು, ನಿಟ್ಟುಸಿರು ಬಿಟ್ಟು ಒತ್ತಬೇಕು. ಮೊದಲಿನಂತೆ ಆರಿಸಿಯೇ ಆಡಬೇಕು, ಇಲ್ಲದಿದ್ದರೆ ಅನುಮಾನ. ನಿಟ್ಟುಸಿರನ್ನು ಅವಳು ಬೀಗ ಹಾಕಿದ ಅಂಗಡಿಯಲ್ಲಿ ಅಭ್ಯಾಸ ಕೂಡ ಮಾಡಿದ್ದಳು.

ಫಲ ಸಿಗತೊಡಗಿತು. ಗುರುಲಿಂಗನ ಮಾತು ಕಡಿಮೆಯಾಯಿತು. "ಹೊಳ್ಳೇತಪಾ ನಸೀಬು, ಅಕ್ಕಾರ ಕಡೆ ತಿರುಗೇತಿ" ಎಂದು ಅಜೀಮ ಅಂದ. ಅದೂ ಅವಳಿಗೆ ಚುಚ್ಚಿತು. ಗೆದ್ದಾಗಲೂ ನಸೀಬೇ? ಬುದ್ಧಿ ಎಂದು ಒಬ್ಬನ ಬಾಯಲ್ಲಾದರೂ ಬರಬಾರದೇ?

ದೀಪಾವಳಿ ಪಾಡ್ಯ ಬಂತು. ಆ ದಿನ ಎಲೆ ಆಡಿ ಗೆದ್ದವರದು ಇಡೀ ವರ್ಷ ಎಂಬುದು ಅವರೊಳಗಿನ ನಂಬಿಕೆ. ಯಾರೂ ಸಣ್ಣದಾಗಿ ಆಡಲಿಲ್ಲ. ಸಂಜೆಗೆ ಮುಂಚೆ ಅವಳಿಗೆ ರಾಜರ ಜೋಡಿ ಬಂತು. ಮೈಯೆಲ್ಲ ಬೆಚ್ಚಗಾಯಿತು. ರೂಢಿಯಂತೆ ಏರಿಸಲು ಬೆರಳು ಚಾಚಿ ಡ್ರಾಯರಿನತ್ತ ಕಣ್ಣು ಹಾಯಿಸಿದಳು. ಗುರುಲಿಂಗನ ಪರದೆಯಲ್ಲಿ ಎರಡು ಎಕ್ಕಗಳು.

ಹಿಂದಿನ ಸುಮಂಗಲಾ ಆಗಿದ್ದರೆ ಇದ್ದದ್ದೆಲ್ಲ ಸುರಿದು ಬರಿಗೈಯಾಗುತ್ತಿದ್ದಳು. ಅವಳು ನಿಟ್ಟುಸಿರು ಬಿಟ್ಟು ರಾಜರನ್ನು ಎಸೆದಳು.

ಆಮೇಲಿನದು ನೋಡಲು ಹಬ್ಬದಂತಿತ್ತು. ಗುರುಲಿಂಗ ಎಂದಿಲ್ಲದಂತೆ ಜೋರಾಗಿ ಏರಿಸಿದ. ಅಜೀಮ ರಾಣಿಯ ಜೋಡಿ ನಂಬಿ ಅವನ ಹಿಂದೆ ಹೋಗಿ ಎಲ್ಲವನ್ನೂ ಕಳೆದುಕೊಂಡ.

"ಪಾಡ್ಯದ ದಿನ ಎಕ್ಕಾ ಬಂದಾವ ನೋಡ್ರೆಪಾ!" ಗುರುಲಿಂಗ ಕೂಗಿದ. "ಎಲ್ಲಿ ಓಡಿ ಹೋದಿ ಬೇ, ಆರಿಸಿ ಆಡಾಕಿ? ಮತ್ತ ಕಸಾನೇ ಬಂದಿತ್ತೇನ?"

ಕಸ. ಇಷ್ಟು ದಿನ ಅದುಮಿಟ್ಟದ್ದು ಗಂಟಲಿಗೆ ಬಂತು. ಎಸೆದ ಎಲೆಯನ್ನು ಎಲ್ಲರಿಗೂ ತೋರಿಸುವ ಗುಂಡಿಯನ್ನು ಅವಳು ಒತ್ತಿದಳು. ಎಲ್ಲರ ಪರದೆಯ ಮೇಲೂ ಇಬ್ಬರು ರಾಜರು ಎದ್ದು ನಿಂತರು.

"ಕಸ ಅಲ್ಲ ಮಾವಾ. ರಾಜಾನ ಜೋಡಿ ಒಗದೀನಿ. ನೀವು ಹಂಗ ಏರಿಸಿದ ಕೂಡಲೇ ಎಕ್ಕಾದ ವಾಸನಿ ಬಂತು. ಇದಕ್ಕ ನಸೀಬ್ ಅಂತೀರೋ, ಬುದ್ಧಿ ಅಂತೀರೋ?"

"ಶಾಬಾಸ್!" ಎಂದ ದೌಲತರಾಯ. ಆ ಒಂದು ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಅದರ ಸವಿಯಲ್ಲಿ ಅವಳು ಹಿಂದಕ್ಕೆ ಒರಗಿದಳು. ಡ್ರಾಯರಿನ ಫೋನಿನಲ್ಲಿ ಗುರುಲಿಂಗನ ಪರದೆ ಆಟವನ್ನು ಬಿಟ್ಟು ಹೊರಬಂತು. ಅವನ ಆ್ಯಪುಗಳು ಒಂದೊಂದಾಗಿ, ಬಹಳ ನಿಧಾನವಾಗಿ, ಮೇಲೆ ಸರಿಯತೊಡಗಿದವು. ಇವನೇನು ಹುಡುಕುತ್ತಿದ್ದಾನೆ ಎಂದು ಅವಳಿಗೆ ಹೊಳೆಯಲಿಲ್ಲ. ಆಗ ಜೇವರ್ಗಿಯಿಂದ ಅಜೀಮನ ದನಿ ಬಂತು, ಮೆತ್ತಗೆ, ತಪ್ಪು ತನ್ನದೇ ಇರಬಹುದೆಂಬಂತೆ: "ಅಕ್ಕಾ, ಈ ಸಲ ಮೊದಲ ಸರದಿ ನಿಮ್ಮದೇ ಇತ್ತಲ್ರಿ. ನೀವು ರಾಜಾ ಒಗದಾಗ ಮಾವ ಇನ್ನಾ ಏನೂ ಏರಿಸಿದ್ದಿಲ್ಲಲ್ರಿ?"