ಮೂರನೇ ಕಂಬದ ರಾಶಿ

ಬೆಳಗ್ಗೆ ಏಳೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನನ್ನ ಗಂಡ ಹಾಲಿನ ವ್ಯಾನ್ ಸಮೇತ ಹೊಳೆಗೆ ಬಿದ್ದ. ಹೆಣಾನೂ ಸಿಕ್ಕಿಲ್ಲ. ಸೇತುವೆ ತಾನಾಗೇ ಕುಸಿಯತ್ತಾ? ಯಾರ ತಪ್ಪು ಅಂತ ಹೇಳಿ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಹೊಳೆಯ ಮೇಲೆ ಕೇಸು ಹಾಕೋದು ಹೇಗಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡರು.

ನೀರು ಇಳಿದ ಮೇಲೆ ಸ್ಥಳ ಪಂಚನಾಮೆ. ಮೂರನೇ ಕಂಬ ಅಡಿಪಾಯ ಸಮೇತ ಹರಿವಿನ ಎದುರಿಗೆ ವಾಲಿತ್ತು. ಅದರ ಮುಂದೆ ತೇಲಿಬಂದ ಮರ, ಕೊಂಬೆ, ಕಸದ ರಾಶಿ ಮನೆಯಷ್ಟೆತ್ತರ. ಮಿಕ್ಕ ಕಂಬಗಳ ಹತ್ತಿರ ಒಂದು ಕಡ್ಡಿಯೂ ಇಲ್ಲ!

"ರಾಶಿ ಅಡ್ಡ ನಿಂತ್ರೆ ನೀರು ಅಡಿಗೆ ನುಗ್ಗತ್ತೆ ಸಾರ್," ಎಂದರು ಸೇತುವೆಯ ಇಂಜಿನಿಯರಮ್ಮ. "ಕಂಬದ ಬುಡದ ಮರಳನ್ನೆಲ್ಲ ಕಿತ್ಕೊಂಡು ಹೋಗತ್ತೆ. ಬರೀ ಕಂಬ ಇದ್ದಿದ್ರೆ ಇಷ್ಟು ಆಳದ ಗುಂಡಿ ಬೀಳ್ತಿರ್ಲಿಲ್ಲ. ಅದಕ್ಕೇ ನಮ್ಮ ಮೇಸ್ತ್ರಿ ಗ್ಯಾಂಗು ದಿನಾ ಕಸ ಬಿಡಿಸೋದು."

"ಇದನ್ನ ಯಾಕೆ ಬಿಡಿಸ್ಲಿಲ್ಲ?"

ಆಕೆಗೂ ಗೊತ್ತಿರಲಿಲ್ಲ.

ಕ್ರೇನು ರಾಶಿ ಎತ್ತುತ್ತಿದ್ದಂತೆ ಹೆಡ್ ಕಾನ್‌ಸ್ಟೇಬಲ್ "ಅಯ್ಯಯ್ಯೋ ಸಾರ್!" ಎಂದು ಹಿಂದೆ ಹಾರಿದ. ಕಂಬಕ್ಕೆ ಉಕ್ಕಿನ ಹಗ್ಗದಲ್ಲಿ ದೊಡ್ಡದೊಂದು ಬಲೆ ಬಿಗಿದಿತ್ತು. ಬಲೆಯೊಳಗೆ ಹಾಲಿನ ವ್ಯಾನಿನ ಡ್ರೈವರನ ಹೆಣ! ಇನ್ಸ್‌ಪೆಕ್ಟರ್ ಬಗ್ಗಿ ಹಗ್ಗ ನೋಡಿದರು. ಬೇಕಂತಲೇ ಕಟ್ಟಿದ್ದು ಇದು, ಯಾವ ಪಾಪಿಯ ಕೆಲಸವೋ! ಹಗ್ಗ ಬಿಗಿದ ಕ್ಲಾಂಪುಗಳು ಸೇತುವೆ ಉಗ್ರಾಣದವೇ ಎಂದು ಇಂಜಿನಿಯರಮ್ಮ ಗುರುತಿಸಿದರು.

ಗ್ಯಾಂಗಿನವರು ಕೇಳಿದ ಕೂಡಲೇ ಬಾಯಿಬಿಟ್ಟರು. "ಮೂರನೇದನ್ನ ನಾನೇ ನೋಡ್ಕೋತೀನಿ, ಮುಟ್ಬೇಡಿ ಅಂದಿದ್ರು ಮೇಸ್ತ್ರಿ. ದೊಡ್ಡೋರು, ಏನಂತ ಕೇಳೋಣ?"

ಮೇಸ್ತ್ರಿ ಓಡಿಹೋಗಿರಲಿಲ್ಲ. ತನ್ನ ಶೆಡ್ಡಿನಲ್ಲೇ ಕೂತಿದ್ದ.

"ಬಲೆ ಕಟ್ಟಿದ್ದು ನೀನಾ?"

"ಹೌದು."

"ಕಂಬ ಕುಸಿಯತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಇಷ್ಟು ಬೇಗ ಅಂದ್ಕೊಂಡಿರ್ಲಿಲ್ಲ."

"ಮತ್ತೆ ಯಾಕಯ್ಯಾ ಕಟ್ದೆ? ನಿನಗೇನು ತಲೆ ಕೆಟ್ಟಿತ್ತಾ?"

"ಹೋದ ತಿಂಗಳು ಹೊಳೆ ಮೇಲ್ಗಡೆ ದೋಣಿ ಮಗುಚ್ತಲ್ಲ ಸಾರ್, ಅದ್ರಲ್ಲಿ ನನ್ನ ಮಗಳಿದ್ಲು. ಮಿಕ್ಕೋರೆಲ್ಲ ಸಿಕ್ರು, ಅವಳೊಬ್ಬಳು ಸಿಗ್ಲಿಲ್ಲ. ಸೇತುವೆ ದಾಟಿದ್ರೆ ಸಮುದ್ರಾನೇ. ಮೂರನೇ ಕಂಬಕ್ಕೇ ಹರಿವು ಜಾಸ್ತಿ. ಬಲೆ ಕಟ್ಟಿದ್ರೆ ಅವಳನ್ನ ಅಲ್ಲಿ ತಡೀಬಹುದು ಅಂತ... ದಿನಾ ಇಳಿದು ಕೈಹಾಕಿ ಹುಡುಕ್ತಿದ್ದೆ. ಬಿಚ್ಚೋಣ ಅಂದ್ರೆ ಕೈ ಬರ್ಲಿಲ್ಲ."

ಇಷ್ಟು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಇಂಥದ್ದು ಕೇಳಿರಲಿಲ್ಲ. ಬಂಧಿಸಿದ್ದೇನೆ ಎಂದು ಮೆತ್ತಗೆ ಹೇಳಿ, ತಾವೇ ತೋಳು ಹಿಡಿದು ಜೀಪಿಗೆ ಹತ್ತಿಸಿದರು.

"ರಾಶಿ ಪೂರ್ತಿ ಎತ್ತಿದ್ರಾ ಸಾರ್?"

"ಎತ್ತಿದ್ವಿ."

ಮೇಸ್ತ್ರಿ ಇನ್ಸ್‌ಪೆಕ್ಟರರ ಮುಖವನ್ನೇ ನೋಡಿದ. "ಬಲೇಲಿ ಸಿಕ್ಳಾ?"

"ಇಲ್ಲಪ್ಪ. ಹಾಲಿನ ವ್ಯಾನಿನವನು ಸಿಕ್ಕ."