ನಲವತ್ತೊಂಬತ್ತು ಪದಗಳು

ಜುಲೈ 14, ಸೋಮವಾರ, ಬೆಳಗ್ಗೆ 10.20. ಚೆಂಬೂರು ಠಾಣೆಗೆ ಬಂದ ಮಾಧುರಿ ಕುಲಕರ್ಣಿ, ಇನ್ಸ್‌ಪೆಕ್ಟರ್ ಖಂಡಪ್ಪ ಬಿರಾದಾರರ ಮೇಜಿನ ಮೇಲೆ ಆರು ಪತ್ರಗಳನ್ನಿಟ್ಟರು. ವಿಶ್ವವಿದ್ಯಾಲಯದ ಭಿನ್ನಾಭಿಪ್ರಾಯ ಸಂವಾದ ಕೇಂದ್ರಕ್ಕೆ ಆಕೆ ಸಂಯೋಜಕಿ. ಪರಸ್ಪರ ಒಪ್ಪದವರನ್ನು ಎದುರುಬದುರು ಕೂಡಿಸಿ ಮಾತಾಡಿಸುವುದು ಕೇಂದ್ರದ ಕೆಲಸ. ಬರುವ ಶನಿವಾರದ ಸಭೆಯ ವಿಷಯ, ಕುರ್ಲಾದ ಹಳೆಯ ಚಾಳುಗಳನ್ನು, ಎಂದರೆ ಒಂದೊಂದೇ ಕೋಣೆಯ ಸಾಲುಮನೆಗಳನ್ನು, ಕೆಡವಬೇಕೆ, ಉಳಿಸಬೇಕೆ ಎಂಬುದು. ಮಾತಾಡುವವರು ಒಂದೊಂದು ಕಡೆಗೆ ಮೂವರಂತೆ ಆರು ಮಂದಿ. ಆರೂ ಮಂದಿಗೆ ಹೆಸರಿಲ್ಲದ ಜೀವ ಬೆದರಿಕೆ ಬಂದಿತ್ತು.

“ಯಾರ ಮ್ಯಾಲ ಸಂಶಯ ಐತಿ?”

“ಯಾರ ಮ್ಯಾಲೂ ಇಲ್ರಿ, ಸರ್. ಎರಡೂ ಕಡಿಯವ್ರು ನಮಗ ಬೇಕಾದವ್ರು.”

“ಹಂಗಾದ್ರ ಸಭಾ ರದ್ದು ಮಾಡ್ರಿ.”

“ಮಾಡಿದ್ರ ಕೇಂದ್ರಾನ ಮುಚ್ಚತಾರ್ರಿ. ಹಿಂದಿನ ಎರಡು ಸಭಾಕ್ಕ ಎದುರಿನವ್ರ ಜೋಡಿ ಕೂಡೂದಿಲ್ಲ ಅಂತ ಯಾರೂ ಬರಲಿಲ್ಲ. ಇದೂ ನಡೀಲಿಲ್ಲಂದ್ರ ಬಾಗಲಕ್ಕ ಕೀಲಿ ಅಂತ ಕಾಗದ ಬಂದದ. ಒಂಬತ್ತು ವರ್ಷ ನಮ್ಮ ನಿರ್ದೇಶಕ ಸರ್ ಇದಕ್ಕ ಜೀವಾ ತೇದಾರ.”

11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಮರುದಿನ ಖಂಡಪ್ಪ ಕಾನ್‌ಸ್ಟೇಬಲ್ ಶೈಲಾ ಶಿಂದೆಯನ್ನು ಕರೆದುಕೊಂಡು ಮೊದಲು ಫೋರ್ಟ್‌ಗೆ ಹೋದರು. ಚಾಳು ಕೆಡವಬೇಕೆನ್ನುವ ಮೂವರಲ್ಲಿ ಒಬ್ಬನಾದ ಕಿಶೋರ ಅಲ್ಲಿಯ ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಮಾಡುವವನು.

“ಪತ್ರ ಬರೆದವ್ರು ಚಾಳ್‌ವಾಲಾಗಳೇ ಸರ್, ಔರ್ ಕೌನ್?”

“ಅವ್ರಿಗೂ ಪತ್ರ ಬಂದಾವ.”

“ನಾಟಕ್. ಅವ್ರೇ ಬರ್ಕೊಂಡಿರ್ತಾರೆ.”

ಕುರ್ಲಾದಲ್ಲಿ ಚಾಳಿನವರ ಮುಖಂಡ ಗದಿಗೆಪ್ಪ ಬಾಗಿಲಲ್ಲೇ ನಿಂತು ಉತ್ತರಿಸಿದ.

“ಬಿಲ್ಡರನ ಬಾಲಾ ಹಿಡದ ಮಂದಿ ಮಾಡ್ಯಾರ್ರಿ ಸಾಹೇಬ್ರ.”

“ಕಿಶೋರಗೂ ಬೆದರಿಕಿ ಬಂದೈತಿ.”

“ಬರಲಿ ಬಿಡ್ರಿ. ಅವನ ಮನಿ ಕೆಡವಾಕ ಯಾರೂ ಹೊಂಟಿಲ್ಲಲ್ಲ!”

ಅದೇ ಸಂಜೆ 6.50ಕ್ಕೆ ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಚಾಳಿನ ಇಬ್ಬರು, ಗದಿಗೆಪ್ಪನಿಗೆ ಪತ್ರ ಬರೆದವನು ನೀನೇ ಎಂದು ಕಿಶೋರನನ್ನು ಹಿಡಿದು ಬಡಿದರು. ಒಂದು ಗಂಟೆಯೊಳಗೆ ಇಬ್ಬರೂ ಸಿಕ್ಕಿಬಿದ್ದರು. ಕಿಶೋರನ ಎಡಗಿವಿ ಇನ್ನು ಕೇಳಿಸದು ಎಂದರು ವೈದ್ಯರು.

ಬುಧವಾರ ಖಂಡಪ್ಪ ಆರು ಪತ್ರಗಳನ್ನೂ ಮೇಜಿನ ಮೇಲೆ ಹರಡಿ ಕುಳಿತರು. ಎಲ್ಲವೂ ಕಂಪ್ಯೂಟರಿನಲ್ಲಿ ಅಚ್ಚಾದವು. ಒಂದರ ಮಾತು ಇನ್ನೊಂದರಲ್ಲಿಲ್ಲ. ಆದರೂ ಆರೂ ಪುಟದ ಒಂದೇ ಎತ್ತರದಲ್ಲಿ ಮುಗಿದಿದ್ದವು. ಪೆನ್ಸಿಲ್ ತುದಿಯಿಂದ ಒಂದರ ಪದಗಳನ್ನು ಎಣಿಸಿದರು. ನಲವತ್ತೊಂಬತ್ತು. ಎರಡನೆಯದು ನಲವತ್ತೊಂಬತ್ತು. ಆರರಲ್ಲೂ ಅಷ್ಟೇ.

“ಧಮಕಿನೂ ಫಿಫ್ಟಿ-ಫಿಫ್ಟಿ ಹಂಚ್ತಾರಾ ಸರ್, ಈ ಲೋಗ್?” ಶೈಲಾ ನಕ್ಕಳು.

ಖಂಡಪ್ಪ ನಗಲಿಲ್ಲ. “ಸಿಟ್ಟಿನಾಗ ಬರಿಯಾಂವ ಪದಾ ಎಣಸೂದಿಲ್ಲ, ಶೈಲಾ. ಎರಡೂ ಕಡಿಗೆ ಸಮಾ ತೂಗೂ ಚಟಾ ಇದ್ದಾಂವ ಎಣಸತಾನ.” ಮಾಧುರಿಗೆ ಫೋನ್ ಮಾಡಿದರು.

“ಭಾಷಣಕಾರರಿಗೆ ಆಹ್ವಾನ ಪತ್ರ ಯಾರು ಬರೀತಾರ್ರಿ?”

“ನಮ್ಮ ಸರ್ ಅವರೇ ಬರೀತಾರ. ಒಂದು ಕಡಿಗೆ ಒಂದು ಪದಾ ಹೆಚ್ಚಾದ್ರ ಪಕ್ಷಪಾತ ಅಂತಾರ. ಹತ್ತು ಪದಕ್ಕೊಂದು ಚುಕ್ಕಿ ಇಟ್ಟು, ಎಣಸಿ…”



ಜುಲೈ 17, ಗುರುವಾರ, 11.45. ಕೇಂದ್ರದ ನಿರ್ದೇಶಕ, ಅರವತ್ತೇಳು ವರ್ಷದ ಸಿದ್ದರಾಮಪ್ಪ ಹೂಗಾರರ ಕೋಣೆ. ಪಂಚರ ಸಮಕ್ಷಮ ಮೇಜಿನ ಸೆಳೆಖಾನೆಯಿಂದ ಬೆದರಿಕೆ ಪತ್ರಗಳ ಆರು ಕರಡುಗಳು ಹೊರಬಂದವು. ಹತ್ತು ಪದಕ್ಕೊಂದು ಪೆನ್ಸಿಲ್ ಚುಕ್ಕಿ. ಪಂಚನಾಮೆಗೆ ಸಹಿಗಳಾದವು.

“ನೀವ ಬರದದ್ದೇನ್ರಿ?”

“ಹೌದ್ರಿ.”

“ನಿಮ್ಮ ಸಭಾಕ್ಕ ನೀವ ಕಲ್ಲು ಹಾಕಿದ್ರಲ್ಲ, ಯಾಕ?”

“ಸಭಾ ನಡದಿದ್ರರ ಏನಾಗತಿತ್ರಿ? ಒಬ್ರು ಮಾತಾಡೂ ಮುಂದ ಇನ್ನೊಬ್ರು ಮೊಬೈಲ್ ನೋಡಕೋತ ಕೂಡತಾರ.” ಮುದುಕ ಕನ್ನಡಕ ತೆಗೆದಿಟ್ಟರು. “ಕೇಂದ್ರ ಮುಚ್ಚೂದರೊಳಗ ಒಂದು ನೋಡಬೇಕಿತ್ತು. ಎದುರಿನವಗ ಬೆದರಿಕಿ ಬಂದದ ಅಂತ ಗೊತ್ತಾದ ಮ್ಯಾಲ, ಆರು ಮಂದಿಯೊಳಗ ಒಬ್ಬರರ ಫೋನ್ ಹಚ್ಚಿ, ಹೆದರಬ್ಯಾಡ, ನಾನದೀನಿ ಅಂತಾರೇನು? ಒಬ್ರು ಅಂದಿದ್ರ ಸಾಕಿತ್ತು.”

“ಕಿಶೋರನ ಕಿವಿ ಹೋತ್ರಿ.”

“ಗೊತ್ತೈತಿ. ಅದನ್ನೂ ನನ್ನ ಲೆಕ್ಕಕ್ಕ ಬರಕೊಳ್ರಿ.”

ಬಾಗಿಲಲ್ಲಿ ನಿಂತಿದ್ದ ಮಾಧುರಿ ಆಗ ಬಾಯಿ ತೆರೆದರು. “ನನ್ನ ಕೇಳಬೇಕಿತ್ತು, ಸರ್. ಯಾರೂ ಫೋನ್ ಮಾಡಂಗಿಲ್ಲ ಅಂತ ನಾನ ಹೇಳತಿದ್ದೆ.”

ಸಿದ್ದರಾಮಪ್ಪ ಬೆದರಿಕೆ ಪತ್ರಗಳ ಬಗ್ಗೆ ಕೇಳಿದ ಒಂದು ಮಾತಿಗೂ ತಲೆ ತಗ್ಗಿಸಿರಲಿಲ್ಲ. ಈ ಮಾತಿಗೆ ತಗ್ಗಿಸಿದರು. 12.10ಕ್ಕೆ ಬಂಧನ ದಾಖಲಾಯಿತು.

ಶುಕ್ರವಾರ ಆರು ಮಂದಿಯ ಫೋನ್ ದಾಖಲೆಗಳು ಬಂದವು. ಪ್ರಕರಣಕ್ಕೆ ಅವು ಬೇಕಿರಲಿಲ್ಲ. ಖಂಡಪ್ಪ ತಾವಾಗಿ ತರಿಸಿದ್ದರು. ಪತ್ರಗಳು ತಲುಪಿದ ದಿನದಿಂದ ಬಂಧನದ ದಿನದವರೆಗೆ ಈ ಕಡೆಯಿಂದ ಆ ಕಡೆಗೆ ಹೋದ ಕರೆಗಳು ಸೊನ್ನೆ. ಆ ಕಡೆಯಿಂದ ಈ ಕಡೆಗೆ ಸೊನ್ನೆ. ಮತ್ತೊಮ್ಮೆ ಎಣಿಸಿ, ಹಾಳೆಯನ್ನು ಕಡತಕ್ಕೆ ಸೇರಿಸಿದರು.

ಶನಿವಾರ ಕೇಂದ್ರಕ್ಕೆ ಕೀಲಿ ಬಿತ್ತು. ಸಭೆ ಸೇರಬೇಕಿದ್ದ ನಾಲ್ಕು ಗಂಟೆಗೆ ಖಂಡಪ್ಪ ಆಸ್ಪತ್ರೆಯಲ್ಲಿದ್ದರು. ಪತ್ರ ಬರೆದವರು ಸಿಕ್ಕಿದ್ದಾರೆ, ಕೇಂದ್ರದ ನಿರ್ದೇಶಕರೇ ಎಂದು ಕಿಶೋರನ ಬಲಗಿವಿಗೆ ಬಾಗಿ ಹೇಳಿದರು. ಕಿಶೋರ ದಿಂಬಿನಿಂದ ತಲೆ ಎತ್ತಿದ.

“ಅವ್ರು ಯಾರ ಕಡೆಯವ್ರು, ಸರ್?”

ಬೆಳಗ್ಗೆ ಕುರ್ಲಾದಲ್ಲಿ ಗದಿಗೆಪ್ಪನೂ ಅದನ್ನೇ ಕೇಳಿದ್ದ.