ಕತ್ತಲಾಗುವ ಪರದೆ

ಟಣ್.

ಅಡುಗೆಮನೆಯ ಮೇಜಿನ ಮೇಲಿದ್ದ ಫೋನು ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಅಲ್ವರ್‌ಸ್ಟೋನ್ ಊರು ಮಲಗಿ ಎಷ್ಟೋ ಹೊತ್ತಾಗಿತ್ತು. ಗ್ಲೆನಿಸ್ ಓಟ್ಸ್‌ಗೆ ಮಾತ್ರ ನಿದ್ದೆ ಬಂದಿರಲಿಲ್ಲ. ಬೆಳಗಾದರೆ ಫೋನುಗಳಿಗೆ ಹೊಸ ತಂತ್ರಾಂಶ ಬರುವುದಿತ್ತು. ಅದನ್ನು ಬಳಸುವುದು ಹೇಗೆಂದು ಹಂತಹಂತವಾಗಿ ಕಲಿಸುವ ಅವಳ ಇ-ಪುಸ್ತಕವೂ ಅದೇ ಬೆಳಿಗ್ಗೆ ಆನ್‌ಲೈನ್ ಅಂಗಡಿಗೆ ಬರಬೇಕಿತ್ತು. ಮೊದಲ ವಾರದ ಮಾರಾಟದಲ್ಲೇ ಅವಳ ವರ್ಷದ ಬದುಕು ನಡೆಯುತ್ತಿತ್ತು.

ಸಂದೇಶ ಅಂಗಡಿಯವರದ್ದು. 'ನಿಮ್ಮ ಪುಸ್ತಕ ಈಗಾಗಲೇ ಮಾರಾಟದಲ್ಲಿರುವ ಇನ್ನೊಂದರ ನಕಲಿನಂತೆ ಕಾಣುತ್ತಿರುವುದರಿಂದ ತಡೆಹಿಡಿಯಲಾಗಿದೆ. ನಿಮ್ಮದೇ ಮೂಲವಾದರೆ, ಕದ್ದವರು ಯಾರು, ಹೇಗೆ ಕದ್ದರು ಎಂಬುದನ್ನು ನಾಳೆ ಸಂಜೆಯೊಳಗೆ ತಿಳಿಸಿ.'

ನಕಲು? ಅವಳದ್ದು?

ಗ್ಲೆನಿಸ್ ಆ ಇನ್ನೊಂದನ್ನು ಕೊಂಡು ತೆರೆದಳು. ಬರೆದವರು: ಜೆ. ಸ್ಟ್ಯಾಂಡಿಶ್. ಚಿತ್ರಗಳೆಲ್ಲ ಬೇರೆ. ಮಾತುಗಳೆಲ್ಲ ಅವಳವೇ.

ಬೆಳಿಗ್ಗೆ ಇನೆಸ್ ಪ್ರೌಸ್ ಬಂದಳು. ಗ್ಲೆನಿಸ್‌ಳ ಪುಸ್ತಕಗಳನ್ನೆಲ್ಲ ತಿದ್ದುವವಳು ಅವಳೇ. ಅದಕ್ಕೂ ಮೊದಲು ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವ ಕೆಲಸದಲ್ಲಿದ್ದಳು.

"ಫೈಲು ಯಾರ್ಯಾರ ಹತ್ರ ಇತ್ತು?"

"ನನ್ನ ಹತ್ರ. ನಿನ್ನ ಹತ್ರ. ಪುಟ ಜೋಡಿಸೋಕೆ ಅಂತ ಡೇರಿಲ್ ಹತ್ರ. ಅಷ್ಟೇ."

"ಹಾಗಾದ್ರೆ ನನ್ನ ಮೇಲೂ ಸಂಶಯ ಪಡು. ಮುಲಾಜು ಬೇಡ."

"ಡೇರಿಲ್‌ನ ಕೇಳಿ," ಎಂದಳು ಆಗಲೇ ಬಂದು ಕೂತಿದ್ದ ಡೋರೀನ್, ಲ್ಯಾಮಿಂಗ್ಟನ್ ಕೇಕಿನ ಡಬ್ಬಿಯ ಮುಚ್ಚಳ ತೆಗೆಯುತ್ತ. "ಅವನ ಮನೆ ಮುಂದೆ ದೋಣಿ ಬಂದು ನಿಂತಿದೆ. ದುಡ್ಡು ಎಲ್ಲಿಂದ ಬಂತಂತೆ?"

ಡೋರೀನ್ ಗ್ಲೆನಿಸ್‌ಳ ತಂಗಿ. ಪಾರ್ಶ್ವವಾಯುವಿನಿಂದ ಎಡಗೈ ಸೋತ ಮೇಲೆ ಬೇಕರಿಯ ಕೆಲಸ ಬಿಟ್ಟಿದ್ದಳು. ಏನೂ ತಿಳಿಯದವರೊಬ್ಬರು ಎದುರು ಕೂತು ಒಂದೊಂದೇ ಹಂತವನ್ನು ಮಾಡಿ ನೋಡದೆ ಗ್ಲೆನಿಸ್ ಯಾವ ಪುಸ್ತಕವನ್ನೂ ಹೊರಗೆ ಬಿಡುತ್ತಿರಲಿಲ್ಲ. ಆ ಏನೂ ತಿಳಿಯದವಳು ಡೋರೀನ್. ಗುರುವಾರ ಬಂತೆಂದರೆ ಇದೇ ಮೇಜಿನ ಬಳಿ, ಗ್ಲೆನಿಸ್‌ಳ ಟ್ಯಾಬ್ಲೆಟ್ಟಿನಲ್ಲಿ ಕರಡು ಓದುತ್ತ ಅವಳು ಎಡವಬೇಕು, ಅಕ್ಕ ತಿದ್ದಬೇಕು.

ಗಂಟೆ ನೋಡಲೆಂದು ಡೋರೀನ್ ಬಲಗೈಯಲ್ಲಿ ಫೋನೆತ್ತಿದಳು. ಪರದೆ ಬೆಳಗಿ ತಟ್ಟನೆ ಕತ್ತಲಾಯಿತು. "ಥೂ, ಇದೊಂದು!"

ಇನೆಸ್ ಡೇರಿಲ್‌ಗೆ ಕರೆ ಮಾಡಿ ಸ್ಪೀಕರ್ ಹಾಕಿದಳು.

"ನಾನಾ?" ಡೇರಿಲ್ ಕೂಗಿದ. "ನಿಮ್ಮ ಪುಸ್ತಕ ಕದಿಯೋಕೆ ಮೊದ್ಲು ಅದನ್ನ ಓದ್ಬೇಕಲ್ಲ ಮಾರಾಯ್ತಿ! ನಾನು ಪುಟ ಜೋಡಿಸ್ತೀನಿ, ಓದಲ್ಲ."

"ದೋಣಿ?"

"ನಮ್ಮ ಮಾವ ಬಿಸಾಕಿದ್ದು. ತೂತಿದೆ. ಬೇಕಾ ನಿಂಗೆ?"

ಡೋರೀನ್ ನಕ್ಕಳು. ಅಕ್ಕನ ಹೆಗಲು ತಟ್ಟಿ, "ಸಿಕ್ಕೇ ಸಿಗ್ತಾನೆ ಬಿಡು, ಗ್ಲೆನ್," ಎಂದು ಹೊರಟಳು.

ಇನೆಸ್ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಳು. ಚಹಾ ಆರಿತು. ಗ್ಲೆನಿಸ್ ಕಿಟಕಿಗೂ ಮೇಜಿಗೂ ಅಲೆದಳು.

"ಕಳ್ಳ ಏನು ತಗೊಂಡ ಅಂತಲೇ ನೋಡ್ತಿದ್ವಿ," ಎಂದಳು ಇನೆಸ್ ಕೊನೆಗೆ. "ಏನು ಸೇರಿಸಿದ ಅಂತ ನೋಡ್ಲೇ ಇಲ್ಲ. ಇದನ್ನ ಓದು."

ಗ್ಲೆನಿಸ್ ಓದಿದಳು: 'ಇಲ್ಲಿ ಪರದೆ ಕತ್ತಲಾದರೆ ಹೆದರಬೇಡಿ. ಒಂದೇ ಕೈಯಲ್ಲಿ ಹಿಡಿದವರ ಬೆರಳು ಪಕ್ಕದ ಗುಂಡಿಯನ್ನು ಒತ್ತಿರುತ್ತದೆ. ಫೋನನ್ನು ಮೇಜಿನ ಮೇಲಿಟ್ಟು ಮುಂದುವರಿಯಿರಿ.'

"ಇದು ನೀನು ಬರೆದದ್ದಲ್ಲ. ನಾನು ತಿದ್ದಿದ್ದರಲ್ಲೂ ಇಲ್ಲ. ಎರಡು ಕೈ ಇರೋರಿಗೆ ಹೊಳೆಯೋ ಮಾತೇ ಅಲ್ಲ. ಯಾರಾದ್ರೂ ನಿಂಗೆ ಹೇಳಿದ್ರಾ?"

ಹೇಳಿದ್ದರು. ಒಂದು ಗುರುವಾರ, ಇದೇ ಕುರ್ಚಿಯಲ್ಲಿ ಕೂತು. 'ಇದನ್ನೂ ಬರಿ, ಗ್ಲೆನ್.' ಆಗಲಿ ಎಂದಿದ್ದಳು. ಮರೆತಿದ್ದಳು.

"ಡೋರೀನ್‌ಗೆ ಫೈಲು ಕೊಟ್ಟೇ ಇಲ್ಲ—"

"ಟ್ಯಾಬ್ಲೆಟ್ಟು?"

"ಅಭ್ಯಾಸಕ್ಕೆ ಅಂತ ಮನೆಗೆ ಒಯ್ತಿದ್ಲು. ಆದ್ರೆ ಡೋರೀನ್‌ಗೆ ಅದೆಲ್ಲ ಎಲ್ಲಿ ಬರುತ್ತೆ? ಪರದೆಯ ಚಿತ್ರ ತೆಗೆಯೋದು, ಪುಸ್ತಕ ಮಾಡೋದು, ಅಂಗಡಿಗೆ ಹಾಕೋದು—"

"ಅದನ್ನೆಲ್ಲ ಕಲಿಸೋ ಪುಸ್ತಕ ಬರೆದದ್ದು ಯಾರು?"

"ನಾನು," ಎಂದಳು ಗ್ಲೆನಿಸ್.

"ಅವನ್ನ ಒಂದು ಹಂತವೂ ಬಿಡದೆ ಮಾಡಿ ನೋಡಿದ್ದು ಯಾರು? ನಾವು ತಪ್ಪಿದ್ದು ಅಲ್ಲೇ ಕಣೇ. ನಿನ್ನ ಪುಸ್ತಕಗಳನ್ನೆಲ್ಲ ಅಭ್ಯಾಸ ಮಾಡಿದವಳು ಇನ್ನೂ ಏನೂ ತಿಳಿಯದವಳು ಅಂತ ನಂಬ್ಕೊಂಡು ಕೂತ್ವಿ. ಸ್ಟ್ಯಾಂಡಿಶ್ ಅಂದ್ರೆ ಡೋರೀನ್."

ಗ್ಲೆನಿಸ್ ತಂಗಿಗೆ ಕರೆ ಮಾಡಿದಳು.

"ನೀನೇನಾ?"

ಅತ್ತ ಕಡೆ ಕಾರು ನಿಂತ ಸದ್ದು.

"ಪರದೆ ಕತ್ತಲಾಗೋದನ್ನ ಬರಿ ಅಂದಿದ್ದೆ," ಎಂದಳು ಡೋರೀನ್. "ಬರೀಲಿಲ್ಲ ನೀನು."

"ಇನ್ನೊಂದ್ಸಲ ಹೇಳಿದ್ರೆ ಬರೀತಿದ್ದೆ!"

"ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಏನು ಬರೀತೀಯ? 'ನನ್ನ ತಂಗಿಗೇ ಬಂತು, ಇನ್ನು ನಿಮಗೆ ಬರದೇ ಇರುತ್ತಾ?' ಲೈಬ್ರರಿ ತರಗತೀಲಿ ಅದನ್ನೇ ಓದಿ ನಗಿಸ್ತೀಯ. ನಾನೂ ಅಲ್ಲೇ ಕೂತಿರ್ತೀನಿ, ಗ್ಲೆನ್."

"ಅದಕ್ಕೆ ನನ್ನ ಅನ್ನಕ್ಕೇ ಕೈ ಹಾಕಿದ್ಯಾ? ಬೆಳಿಗ್ಗೆ ಬಂದು ಹೆಗಲು ತಟ್ಟಿ ಹೋದ್ಯಲ್ಲೇ! ಅದೇ ಕೈಯಲ್ಲಿ!"

"ನಂಗಿರೋದು ಒಂದೇ ಕೈ," ಎಂದಳು ಡೋರೀನ್.

ಗ್ಲೆನಿಸ್ ಕರೆ ಮುಗಿಸಿದಳು.

"ಹೆಸರು ಬರಿ," ಎಂದಳು ಇನೆಸ್. "ಆ ಸಾಲುಗಳೇ ಸಾಕ್ಷಿ. ಸಂಜೆಗೆ ನಿನ್ನ ಪುಸ್ತಕ ವಾಪಸ್ ಬರುತ್ತೆ."

ಗ್ಲೆನಿಸ್ ಅಂಗಡಿಯ ಸಂದೇಶ ತೆರೆದು ತಂಗಿಯ ಹೆಸರು ಬರೆದಳು. ನೋಡಿದಳು. ಕಳಿಸಿದರೆ ಪುಸ್ತಕ ಉಳಿಯುತ್ತಿತ್ತು. ನಾಳೆ ಲೈಬ್ರರಿಯಲ್ಲಿ ಎಲ್ಲರೂ ಡೋರೀನ್‌ಳತ್ತ ತಿರುಗಿ ನೋಡುತ್ತಿದ್ದರು, ಈ ಸಲ ನಗದೆ. ಕ್ಷಮಿಸುವ ಮನಸ್ಸು ಅವಳಿಗೆ ಕಿಂಚಿತ್ತೂ ಇರಲಿಲ್ಲ. ಆದರೂ ಕಳ್ಳಿ ಸೇರಿಸಿದ ಆ ಸಾಲುಗಳು ಕಣ್ಣಿಗೆ ಬೀಳುತ್ತಲೇ ಇದ್ದವು. ಎಷ್ಟು ಸರಳವಾಗಿ, ಎಷ್ಟು ಸರಿಯಾಗಿ ಬರೆದಿದ್ದಳು! ತನ್ನ ಪುಸ್ತಕಗಳಿಂದ ನಿಜವಾಗಿ ಕಲಿತವರು ಯಾರಾದರೂ ಇದ್ದರೆ, ಅದು ಇವಳೇ.

ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು.

"ಇನೆಸ್, ಇದು ಈ ಮೇಜಿನಾಚೆ ಹೋಗೋದು ಬೇಡ. ನಾನೂ ಯಾರಿಗೂ ಹೇಳಲ್ಲ."

"ಮತ್ತೆ ಪುಸ್ತಕ?"

"ಹೋಗ್ಲಿ. ಗುರುವಾರಕ್ಕೆ ಬೇರೆ ಯಾರನ್ನಾದ್ರೂ ಹುಡುಕಿಕೊಡು. ಏನೂ ಗೊತ್ತಿಲ್ಲದವರನ್ನ."

ಪಕ್ಕದ ಗುಂಡಿ ಒತ್ತಿದಳು. ಪರದೆ ಕತ್ತಲಾಯಿತು.